ರಾತ್ರಿ ಎರಡೂವರೆಗೆ ಭಯ ಬಂದಾಗ: ವಿಶ್ವಾಸಿಗಳಿಗೊಂದು ಕೈಪಿಡಿ

ಅಮ್ಮನ ಆಪರೇಷನ್ನಿನ ಹಿಂದಿನ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಗಂಟೆ ಎರಡೂವರೆ. ಬಾಯಿ ಒಣಗಿತ್ತು, ಅಂಗೈ ತಣ್ಣಗಾಗಿತ್ತು. ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದರೆ 'ಕರ್ತನೇ' ಅನ್ನುವುದರ ಮುಂದೆ ಒಂದು ಮಾತೂ ಹೊರಡಲಿಲ್ಲ. ಭಯದ ಜೊತೆಗೆ ನಾಚಿಕೆ ಬೇರೆ. ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ 'ಹೆದರಬೇಡಿ' ಅಂತ ಪಾಠ ಹೇಳಿದವನು ನಾನು. ಈಗ ನಾನೇ ಗಡಗಡ ನಡುಗುತ್ತಿದ್ದೆ.

ಆ ಹೊತ್ತಿಗೆ ನನಗೆ ಪ್ರಸಂಗ ಬೇಕಿರಲಿಲ್ಲ. ಮೊದಲು ಏನು ಮಾಡಲಿ, ಆಮೇಲೆ ಏನು ಮಾಡಲಿ, ಅಷ್ಟು ಹೇಳುವವರು ಬೇಕಿತ್ತು. ಅದಾದ ಮೇಲೆ ರೋಗಿಗಳನ್ನು ನೋಡಲು ಹೋಗುವ ನಮ್ಮ ಚರ್ಚ್ ಸಭೆಯ ಗುಂಪಿನ ಜೊತೆ ಸುಮಾರು ಆಸ್ಪತ್ರೆ ಓಡಾಡಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಯವನ್ನು ಬುಡಸಮೇತ ಕಿತ್ತುಹಾಕುವ ಉಪಾಯ ನನ್ನ ಹತ್ತಿರ ಇಲ್ಲ. ಭಯ ಎದೆಯ ಮೇಲೆ ಕೂತಿರುವಾಗಲೇ ಒಬ್ಬ ವಿಶ್ವಾಸಿ ಏನು ಮಾಡಬಹುದು ಅನ್ನುವುದು ಸ್ವಲ್ಪ ಗೊತ್ತು.

ಮೊದಲು, ಭಯಪಟ್ಟೆ ಅಂತ ಭಯಪಡುವುದನ್ನು ಬಿಡಿ

ಬೈಬಲ್ಲಿನಲ್ಲಿ 'ಹೆದರಬೇಡ' ಅನ್ನುವ ಮಾತು 365 ಸಲ ಇದೆ, ದಿನಕ್ಕೊಂದು, ಅಂತ ಎಲ್ಲಾದರೂ ಕೇಳಿರುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಎಣಿಸಲು ಕೂತರೆ ಅಷ್ಟು ಸಿಗುವುದಿಲ್ಲ. ಎಷ್ಟು ಸಲ ಇದೆ ಅನ್ನುವುದಕ್ಕಿಂತ ಯಾರಿಗೆ ಹೇಳಿದ್ದು ಅಂತ ನೋಡಿ. ಅಬ್ರಹಾಮನಿಗೆ, ಯೆಹೋಶುವನಿಗೆ, ಮರಿಯಳಿಗೆ, ಬೇತ್ಲೆಹೇಮಿನ ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಎದೆ ಝಲ್ಲೆಂದವರಿಗೇ ಹೇಳಿದ ಮಾತು ಅದು. ಕತ್ತಲಲ್ಲಿ ಅಳುವ ಮಗುವಿಗೆ ತಾಯಿ 'ಹೆದರ್ಬೇಡ ಮಗಾ, ನಾನಿದ್ದೀನಿ' ಅನ್ನುತ್ತಾಳಲ್ಲ, ಆ ದನಿಯಲ್ಲಿ ಓದಿ. ನಾವು ಅದನ್ನು ಹೆಡ್‌ಮಾಸ್ಟರ ದನಿಯಲ್ಲಿ ಓದಿ ಓದಿ ಹಾಳು ಮಾಡಿಕೊಂಡಿದ್ದೇವೆ.

ದಾವೀದನನ್ನು ನೋಡಿ. ಗೊಲ್ಯಾತನನ್ನು ಕವಣೆಕಲ್ಲಿನಿಂದ ಉರುಳಿಸಿದ ಹುಡುಗ ಅಂತ ಎಲ್ಲರಿಗೂ ಗೊತ್ತು. ಆಮೇಲೊಂದು ದಿನ ಅವನು ರಾಜ ಸೌಲನಿಗೆ ಹೆದರಿ ಓಡಿಹೋದ ಕಥೆ 1 ಸಮುವೇಲ 21ರಲ್ಲಿದೆ. ದಾರಿಯಲ್ಲಿ ಯಾಜಕನ ಹತ್ತಿರ ಒಂದು ಕತ್ತಿ ಇಸಿದುಕೊಳ್ಳುತ್ತಾನೆ. ಗೊಲ್ಯಾತನದೇ ಕತ್ತಿ. ಓಡಿ ಎಲ್ಲಿಗೆ ಹೋದ ಅಂದರೆ ಗತ್ ಊರಿಗೆ, ಅದು ಗೊಲ್ಯಾತನ ಸ್ವಂತ ಊರು! ಅಲ್ಲಿಯ ಜನ ಗುರುತು ಹಿಡಿದಾಗ ಜೀವಭಯಕ್ಕೆ ಹುಚ್ಚನ ಥರ ನಟಿಸುತ್ತಾನೆ. ಬಾಗಿಲುಗಳನ್ನು ಕೆರೆಯುತ್ತಾನೆ, ಗಡ್ಡದ ಮೇಲೆ ಜೊಲ್ಲು ಸುರಿಸಿಕೊಳ್ಳುತ್ತಾನೆ. ಇದೇ ಗತ್ ಊರಿನ ಹೆಸರು 56ನೇ ಕೀರ್ತನೆಯ ತಲೆಬರಹದಲ್ಲಿದೆ. ಆ ಕೀರ್ತನೆಯ ಮೂರನೇ ವಚನದ ತಾತ್ಪರ್ಯ ಇಷ್ಟು: ನನಗೆ ಹೆದರಿಕೆ ಆದಾಗ ನಿನ್ನನ್ನು ನಂಬುತ್ತೇನೆ. 'ಹೆದರಿಕೆ ಹೋದ ಮೇಲೆ' ಅಂತ ಅಲ್ಲ, 'ಆದಾಗ' ಅಂತ. ಜೊಲ್ಲು ಇನ್ನೂ ಗಡ್ಡದ ಮೇಲಿರುವಾಗ ಅನ್ನಿ.

ಆದ್ದರಿಂದ 'ನನಗೆ ನಂಬಿಕೆ ಕಮ್ಮಿ, ಅದಕ್ಕೇ ಭಯ' ಅನ್ನುವ ಲೆಕ್ಕವನ್ನು ಇಲ್ಲಿಗೇ ಮುಚ್ಚಿಬಿಡಿ. ಇಲ್ಲದಿದ್ದರೆ ಒಂದು ಭಯದ ಜಾಗದಲ್ಲಿ ಎರಡನ್ನು ಹೊರಬೇಕಾಗುತ್ತದೆ.

ಮೈಯನ್ನು ವಿಚಾರಿಸಿಕೊಳ್ಳಿ

ಇದು ಭಕ್ತಿಯ ಮಾತಿನ ಹಾಗೆ ಕೇಳಿಸುವುದಿಲ್ಲ, ಗೊತ್ತು. ಆದರೆ ಎಲೀಯನಿಗೆ ದೇವರು ಮಾಡಿದ್ದು ಇದನ್ನೇ. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿಕೊಂಡು ಗೆದ್ದ ಪ್ರವಾದಿ, ಈಜೆಬೆಲ್ ರಾಣಿಯ ಒಂದೇ ಒಂದು ಬೆದರಿಕೆಗೆ ಬೇರ್ಷೆಬದವರೆಗೆ ಓಡಿದ. ಅಲ್ಲಿಂದ ಇನ್ನೊಂದು ದಿನದ ದಾರಿ ಬೆಂಗಾಡಿನೊಳಗೆ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂದ. ಅಷ್ಟು ಹೇಳಿ ಮಲಗಿಬಿಟ್ಟ.

ದೇವದೂತ ಬಂದ. ಬೈಯಲಿಲ್ಲ, ವಚನ ಹೇಳಲಿಲ್ಲ. ತಟ್ಟಿ ಎಬ್ಬಿಸಿ 'ಎದ್ದು ತಿನ್ನು' ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಲೆಯ ಹತ್ತಿರ ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ತಿನ್ನಿಸಿದ. ದೇವರು ಎಲೀಯನ ಜೊತೆ ಮಾತಿಗೆ ಇಳಿದದ್ದು ಅದಾಗಿ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. 1 ಅರಸುಗಳು 19ನ್ನು ಒಮ್ಮೆ ಪೂರ್ತಿ ಓದಿ ನೋಡಿ. ಊಟ, ನಿದ್ದೆ, ಊಟ, ನಡಿಗೆ. ಮಾತು ಆಮೇಲೆ.

ನೀವೂ ಹಾಗೇ ಮಾಡಿ. ರಾತ್ರಿ ಭಯದಿಂದ ಎಚ್ಚರವಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಕೂತು ಪಾದ ನೆಲಕ್ಕೆ ಊರಿ. ಸಣ್ಣ ದೀಪ ಹಾಕಿ, ಒಂದು ಲೋಟ ನೀರು ಕುಡಿಯಿರಿ. ರಾತ್ರಿ ಊಟ ಬಿಟ್ಟಿದ್ದರೆ ಏನಾದರೂ ತಿನ್ನಿ, ಬಾಳೆಹಣ್ಣಾದರೂ ಸರಿ. ಆಮೇಲೆ ಉಸಿರು. ಒಳಗೆ ಎಳೆಯುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಬಿಡುವಾಗ ಆರು ಎಣಿಸಿ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ನಾಲ್ಕೈದು ನಿಮಿಷ ಹೀಗೇ ಮಾಡಿ. ಫೋನ್ ಮುಟ್ಟಬೇಡಿ. ಆ ಹೊತ್ತಿನಲ್ಲಿ ಕಾಯಿಲೆಯ ಹೆಸರು ಗೂಗಲ್ ಮಾಡಿದವರು ಯಾರೂ ಸಮಾಧಾನವಾಗಿ ಮಲಗಿದ್ದನ್ನು ನಾನು ನೋಡಿಲ್ಲ.

ಉಪವಾಸ ಪ್ರಾರ್ಥನೆ ಮಾಡುವವರಿಗೆ ಒಂದು ಮಾತು. ಗಾಬರಿಯಲ್ಲಿದ್ದಾಗ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಉಪವಾಸ ಬೇಡ. ಹೊಟ್ಟೆ ಖಾಲಿ ಇದ್ದಾಗಿನ ನಡುಕಕ್ಕೂ ಭಯದ ನಡುಕಕ್ಕೂ ಆಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಭಯದ ಹೆಸರು ಬರೆಯಿರಿ

'ಏನಾದ್ರೂ ಆಗ್ಬಿಟ್ರೆ' ಅನ್ನುವುದಕ್ಕೆ ಕೈಯಿಲ್ಲ ಕಾಲಿಲ್ಲ, ಹಿಡಿಯಲು ಆಗುವುದಿಲ್ಲ. ಹಾಳೆ ತೆಗೆದುಕೊಂಡು, ಯಾವುದು ಆಗಿಬಿಡುತ್ತದೆ ಅಂತ ಭಯ, ಅದನ್ನು ಬರೆಯಿರಿ. ಆ ರಾತ್ರಿ ನಾನು ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಬರೆದದ್ದು ಇಷ್ಟು:

ಅಮ್ಮ ಟೇಬಲ್ ಮೇಲೇ ಹೋಗಿಬಿಟ್ಟರೆ.
ದುಡ್ಡು ಸಾಲದಿದ್ದರೆ.
ಅಣ್ಣನನ್ನು ಕೇಳದೆ ಆಪರೇಷನ್‌ಗೆ ಸಹಿ ಹಾಕಿದ್ದೇನೆ. ನಾಳೆ ಏನಾದರೂ ಆದರೆ ಅವನು ನನ್ನನ್ನು ಬಿಡುವುದಿಲ್ಲ.

ಮೂರನೆಯದು ಬರೆಯುವವರೆಗೆ ಅದು ಒಳಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಜಾಸ್ತಿ ಕೊರೆಯುತ್ತಿದ್ದದ್ದು ಅದೇ.

ಈಗ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ನಿಮ್ಮ ಕೈಯಲ್ಲಿ ಆಗುವುದು ಎಡಕ್ಕೆ, ಆಗದಿರುವುದು ಬಲಕ್ಕೆ. ಅಣ್ಣನಿಗೆ ಬೆಳಗ್ಗೆ ಆರಕ್ಕೆ ಫೋನ್ ಮಾಡುವುದು ಎಡಕ್ಕೆ. ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸುವುದು ಎಡಕ್ಕೆ. ಅಮ್ಮನ ಜೀವ ಬಲಕ್ಕೆ. ಎಡಗಡೆ ಇರುವ ಪ್ರತಿಯೊಂದಕ್ಕೂ ಒಂದು ಗಂಟೆ ಗೊತ್ತುಮಾಡಿ. ಬಲಗಡೆ ಇರುವುದು ಪ್ರಾರ್ಥನೆಗೆ. ನಾಳೆಯ ಚಿಂತೆ ನಾಳೆಗೆ ಅಂತ ಯೇಸುಸ್ವಾಮಿ ಮತ್ತಾಯ 6ರಲ್ಲಿ ಹೇಳಿದ್ದನ್ನು ನಾನು ತುಂಬಾ ದಿನ 'ಚಿಂತೆಯನ್ನೇ ಮಾಡಬೇಡ' ಅಂತ ಅರ್ಥ ಮಾಡಿಕೊಂಡಿದ್ದೆ. ಪ್ರತಿ ದಿನಕ್ಕೂ ಅದರದೇ ಆದ ಪಾಡು ಇದೆ ಅಂತ ಅವರೇ ಅಲ್ಲಿ ಒಪ್ಪಿಕೊಳ್ಳುತ್ತಾರೆ. ಇವತ್ತಿನದನ್ನು ಇವತ್ತು ಹೊರು, ನಾಳೆಯದನ್ನೂ ಸೇರಿಸಿ ಹೊರಬೇಡ, ಅಷ್ಟೇ.

ಬಲಗಡೆಯದನ್ನು ಪ್ರಾರ್ಥಿಸುವಾಗ ಬಿಡಿಬಿಡಿಯಾಗಿ ಹೇಳಿ. ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ನಿಮಗೆ ಬೇಕಾದದ್ದನ್ನು ದೇವರಿಗೆ ತಿಳಿಸಿ ಅನ್ನುತ್ತಾನೆ. ತಾಲ್ಲೂಕು ಆಫೀಸಿಗೆ ಅರ್ಜಿ ಕೊಡುವಾಗ 'ನನಗೆ ಒಳ್ಳೆಯದಾಗಲಿ' ಅಂತ ಬರೆಯುತ್ತೇವಾ? ಸರ್ವೆ ನಂಬರ್ ಸಮೇತ ಬರೆಯುತ್ತೇವೆ. ಪ್ರಾರ್ಥನೆಯಲ್ಲೂ ಹಾಗೇ. 'ಡಾಕ್ಟರ ಕೈ ನಡುಗದಿರಲಿ. ಅಮ್ಮನಿಗೆ ಪ್ರಜ್ಞೆ ಬಂದಾಗ ನಾನು ಪಕ್ಕದಲ್ಲಿರಲಿ.' ಸಿಟ್ಟಿದ್ದರೆ ಅದನ್ನೂ ಹೇಳಿ. 13ನೇ ಕೀರ್ತನೆ ಶುರುವಾಗುವುದೇ 'ಎಷ್ಟರವರೆಗೆ?' ಅಂತ. ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. ಬಿರುಗಾಳಿಗೆ ದೋಣಿ ಮುಳುಗುವ ಹೊತ್ತಿಗೆ ಶಿಷ್ಯರು ಯೇಸುವನ್ನು ಎಬ್ಬಿಸಿದ್ದೂ ನಯವಾಗಿ ಅಲ್ಲ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ ಕೂಗಿದರು. ಮಾರ್ಕನು ಬರೆದಿರುವ ಪ್ರಕಾರ ಯೇಸು ಮೊದಲು ಗಾಳಿ ನಿಲ್ಲಿಸಿದರು, ನಂಬಿಕೆಯ ಬಗ್ಗೆ ಕೇಳಿದ್ದು ಆಮೇಲೆ.

ಕೈಯಲ್ಲಿ ಹಿಡಿದುಕೊಳ್ಳಲು ಒಂದು ಸಾಲು

ಭಯ ಬಂದಾಗ ಬೈಬಲ್ ತೆರೆದು ಹುಡುಕುತ್ತಾ ಕೂರಲು ಆಗುವುದಿಲ್ಲ. ಕಣ್ಣು ಓದುತ್ತದೆ, ತಲೆಗೆ ಹತ್ತುವುದಿಲ್ಲ. ಅದಕ್ಕೇ ಹಗಲು ಹೊತ್ತಿನಲ್ಲಿ, ಎಲ್ಲ ಸರಿಯಿರುವಾಗಲೇ, ಒಂದೇ ಒಂದು ಸಾಲನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಯೇಸು ಶಿಲುಬೆಯ ಮೇಲೆ ಉಸಿರು ಸಿಕ್ಕದ ಹೊತ್ತಿನಲ್ಲಿ ಆಡಿದ ಮಾತುಗಳಲ್ಲಿ ಎರಡು ಕೀರ್ತನೆಗಳ ಸಾಲುಗಳು, 22ರದ್ದು ಒಂದು, 31ರದ್ದು ಒಂದು. ಬಾಯಲ್ಲಿ ಮೊದಲೇ ಇದ್ದದ್ದು ಆ ಹೊತ್ತಿಗೆ ಒದಗಿತು.

ಯಾವ ಸಾಲು? ನಮ್ಮ ಹೆಚ್ಚಿನವರಿಗೆ 23ನೇ ಕೀರ್ತನೆ ಗೊತ್ತು. 'ಯೆಹೋವನು ನನಗೆ ಕುರುಬನು, ಕೊರತೆಪಡೆನು.' ಕಥೋಲಿಕರ ಬೈಬಲ್ಲಿನಲ್ಲಿ ಮಾತು ಬೇರೆ ಥರ ಇದೆ, ನಿಮ್ಮ ನಾಲಿಗೆಗೆ ಯಾವುದು ರೂಢಿಯೋ ಅದನ್ನೇ ಇಟ್ಟುಕೊಳ್ಳಿ. ಉಸಿರು ಎಳೆಯುವಾಗ ಮೊದಲರ್ಧ, ಬಿಡುವಾಗ ಉಳಿದರ್ಧ.

ಈ ಕೀರ್ತನೆಯಲ್ಲಿ ಒಂದು ವಿಷಯ ಇದೆ, ನನಗೆ ತುಂಬಾ ತಡವಾಗಿ ಕಂಡಿತು. ಮೊದಲ ಮೂರು ವಚನಗಳಲ್ಲಿ ದೇವರು 'ಆತನು'. ಆತನು ಹಸುರು ಹುಲ್ಲಿಗೆ ಕರೆದುಕೊಂಡು ಹೋಗುತ್ತಾನೆ, ಆತನು ನೀರಿನ ಹತ್ತಿರ ನಡೆಸುತ್ತಾನೆ. ನಾಲ್ಕನೇ ವಚನದಲ್ಲಿ ಕತ್ತಲೆಯ ಕಣಿವೆ ಬರುತ್ತದೆ. ಬಂದ ತಕ್ಷಣ 'ಆತನು' ಹೋಗಿ 'ನೀನು' ಆಗುತ್ತದೆ. ನೀನು ಹತ್ತಿರ ಇದ್ದೀಯ. ಹುಲ್ಲುಗಾವಲಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು, ಕಣಿವೆಗೆ ಇಳಿದ ಮೇಲೆ ದೇವರ ಜೊತೆ ಮಾತಾಡತೊಡಗುತ್ತಾನೆ.

ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊಬ್ಬರಕ್ಕೆ ಅಂತ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುತ್ತಾರಲ್ಲ, ಕುರುಬರು ಆಗ ಎಲ್ಲಿ ಮಲಗುತ್ತಾರೆ? ಊರೊಳಗಿನ ಮನೆಯಲ್ಲಲ್ಲ. ಕಂಬಳಿ ಹೊದ್ದು ಮಂದೆಯ ಪಕ್ಕದಲ್ಲೇ, ಕೋಲು ಕೈಗೆಟಕುವ ಹಾಗೆ ಇಟ್ಟುಕೊಂಡು. ತೋಳ ಬರುವುದೇ ಇಲ್ಲ ಅಂತ ಅವರು ಕುರಿಗಳಿಗೆ ಮಾತು ಕೊಟ್ಟಿರುವುದಿಲ್ಲ. ನಡುರಾತ್ರಿ ಒಮ್ಮೆ ಎದ್ದು 'ಹ್ಯಾ' ಅಂತ ದನಿ ಮಾಡಿದರೆ, ಬೆದರಿ ಎದ್ದ ಮಂದೆ ಮತ್ತೆ ಮಲಗುತ್ತದೆ.

23 ಉದ್ದವಾಯಿತು ಅನ್ನುವವರಿಗೆ ಇನ್ನೂ ಚಿಕ್ಕವು ಇವೆ. ನೀರಿನಲ್ಲಿ ಮುಳುಗುವಾಗ ಪೇತ್ರ ಕೂಗಿದ್ದು: 'ಸ್ವಾಮೀ, ಕಾಪಾಡು.' ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನಂಬಿಕೆ ಸಾಲದಿದ್ದರೆ ನೀನೇ ಸಹಾಯ ಮಾಡು ಅಂದದ್ದು. ಜಪಸರ ಹೇಳುವವರಿಗೆ ಮಣಿಗಳೇ ಇವೆ. ಮನಸ್ಸು ಎಲ್ಲೋ ಓಡಿದರೂ ಬೆರಳು ಎಲ್ಲಿದೆ ಅಂತ ಗೊತ್ತಿರುತ್ತದೆ.

ಒಬ್ಬರಿಗೆ ಹೇಳಿ

ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಒಬ್ಬರೇ ಧೈರ್ಯವಾಗಿ ಕೂತಿರಲಿಲ್ಲ. ಮೂವರನ್ನು ಹತ್ತಿರ ಕರೆದುಕೊಂಡು, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಇಲ್ಲೇ ಎಚ್ಚರವಾಗಿರಿ ಅಂದರು. ಮೂವರೂ ನಿದ್ದೆ ಹೋದರು! ಯೇಸು ಎಬ್ಬಿಸಿದರು, ಮತ್ತೆ ಹೋಗಿ ಪ್ರಾರ್ಥಿಸಿದರು. ಮೂರು ಸಲ ಹೀಗಾಯಿತು, ಮೂರನೇ ಸಲವೂ ಪ್ರಾರ್ಥನೆ ಅದೇ ಮಾತುಗಳಲ್ಲಿ ಅಂತ ಮತ್ತಾಯ ಬರೆಯುತ್ತಾನೆ. ಹೇಳಿದ್ದನ್ನೇ ಹೇಳುವ ಪ್ರಾರ್ಥನೆ ದಡ್ಡತನ ಅಂತ ನಾಚಿಕೊಳ್ಳುವವರು ಇದನ್ನು ನೆನಪಿಡಿ. ಇನ್ನೊಂದು, ಕರೆದವರೆಲ್ಲ ಎಚ್ಚರವಾಗಿರುತ್ತಾರೆ ಅಂತಲೂ ಇಲ್ಲ. ಆದ್ದರಿಂದ ಎರಡು ಮೂರು ಹೆಸರು ಇಟ್ಟುಕೊಳ್ಳಿ.

ಹೇಳುವುದು ಹೇಗೆ ಅಂತ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಹೀಗೆ ಹೇಳಿ: 'ಅಕ್ಕಾ, ನಂಗೆ ಭಯ ಆಗ್ತಿದೆ. ಏನೂ ಹೇಳ್ಬೇಡಿ, ಸುಮ್ನೆ ಹತ್ತು ನಿಮಿಷ ಲೈನಲ್ಲಿರಿ.' ಅಷ್ಟು ಸಾಕು.

ಆ ದಿನ ನಸುಕಿನಲ್ಲಿ ಐದೂವರೆಗೆ ನಮ್ಮ ಸಭೆಯ ಒಬ್ಬ ಆಂಟಿ ಆಸ್ಪತ್ರೆಗೆ ಬಂದರು. ಮೊದಲ ಬಸ್ಸು ಹಿಡಿದು ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತು ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದರು.

'ಏನಾದ್ರೂ ತಿಂದ್ಯಾ?'

'ಇಲ್ಲ ಆಂಟಿ.'

'ತಿನ್ನು ಮೊದ್ಲು. ಆಮೇಲೆ ಪ್ರಾರ್ಥನೆ.'

ಮೂರು ಇಡ್ಲಿ, ಚಟ್ನಿಪುಡಿ. ನಾನು ತಿನ್ನುವವರೆಗೆ ಅವರು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕೈ ಹಿಡಿದು, 'ಸ್ವಾಮೀ, ಈ ಮಗುಗೆ ಹೆದರಿಕೆ ಆಗಿದೆ. ನೀನು ಜೊತೇಲಿರು. ಆಮೆನ್' ಅಂದರು. ನಾನು ಕೇಳಿದ ಪ್ರಾರ್ಥನೆಗಳಲ್ಲೆಲ್ಲ ಚಿಕ್ಕದು ಅದೇ ಇರಬೇಕು. ಎಲೀಯನ ರೊಟ್ಟಿಯ ಕಥೆ ಅವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ನಿಮಗಿಂತ ಕಡಿಮೆ ಭಯ ಇರುವವರನ್ನು ನೋಡಿದರೆ, ಹೊಟ್ಟೆಕಿಚ್ಚು ಪಡದೆ ಹೋಗಿ ಕೇಳಿ. 1736ರ ಜನವರಿಯಲ್ಲಿ, ಮುಂದೆ ಮೆಥಡಿಸ್ಟ್ ಪಂಗಡ ಕಟ್ಟಿದ ಜಾನ್ ವೆಸ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗುತ್ತಿದ್ದ ಹಡಗು ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿತು. ದೊಡ್ಡ ಹಾಯಿ ಹರಿದು ಚೂರಾಯಿತು, ನೀರು ಒಳಗೆ ನುಗ್ಗಿತು, ಇಂಗ್ಲಿಷ್ ಪ್ರಯಾಣಿಕರು ಕಿರುಚಿಕೊಂಡರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನರು ಕೀರ್ತನೆ ಹಾಡುತ್ತಿದ್ದವರು ಹಾಡುತ್ತಲೇ ಇದ್ದರು. ವೆಸ್ಲಿ ದೀಕ್ಷೆ ಪಡೆದ ಪಾದ್ರಿ, ಧರ್ಮಪ್ರಚಾರಕ್ಕೆ ಅಂತಲೇ ಹೊರಟವರು. ಆದರೂ ಸಾವಿಗೆ ಹೆದರುತ್ತಿದ್ದರು. ಆಮೇಲೆ ಆ ಜರ್ಮನರಲ್ಲೊಬ್ಬನ ಹತ್ತಿರ ಹೋಗಿ, ನಿಮಗೆ ಭಯ ಆಗಲಿಲ್ಲವಾ, ಹೆಂಗಸರು ಮಕ್ಕಳಿಗೂ ಆಗಲಿಲ್ಲವಾ ಅಂತ ಕೇಳಿದರು. ಇಲ್ಲ ಅಂದ ಅವನು. ಇದನ್ನೆಲ್ಲ ವೆಸ್ಲಿ ತಮ್ಮ ದಿನಚರಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿಟ್ಟಿದ್ದಾರೆ. ಅವರು ಹುಡುಕುತ್ತಿದ್ದ ಸಮಾಧಾನ ಸಿಕ್ಕಿದ್ದು 1738ರ ಮೇ ತಿಂಗಳಲ್ಲಿ, ಲಂಡನ್ನಿನ ಒಂದು ಚಿಕ್ಕ ಕೂಟದಲ್ಲಿ. ಎರಡು ವರ್ಷ ದಾಟಿತ್ತು. ಮೈಸೂರು, ತುಮಕೂರು, ಹಾಸನದ ಕಡೆಯ ಹಳೆಯ ವೆಸ್ಲಿಯನ್ ಸಭೆಗಳು, 1947ರಲ್ಲಿ ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಆದವು, ಇದೇ ಮನುಷ್ಯನ ಹೆಸರಿನವು. ಅಷ್ಟು ದೊಡ್ಡವರಿಗೇ ಎರಡು ವರ್ಷ ಹಿಡಿಯಿತು. ನಾವು ಮಾತ್ರ ಭಾನುವಾರದ ಆರಾಧನೆಯಿಂದ ಸೋಮವಾರಕ್ಕೆ ಧೈರ್ಯ ಬರಬೇಕು ಅಂತೀವಿ.

ಓಡಿಬಂದ ದಾರಿಯಲ್ಲೇ ಒಂದು ಹೆಜ್ಜೆ

ಎಲೀಯನಿಗೆ ದೇವರು ಕೊನೆಗೆ ಹೇಳಿದ್ದು, ಬಂದ ದಾರಿ ಹಿಡಿದು ವಾಪಸ್ ಹೋಗು ಅಂತ. ಜೊತೆಗೆ ಮೂರು ಕೆಲಸ ಕೊಟ್ಟು, ಇನ್ನೂ ಏಳು ಸಾವಿರ ಜನ ನಿನ್ನ ಹಾಗೇ ಇದ್ದಾರೆ ಅಂತಲೂ ಹೇಳಿದರು.

ಭಯಕ್ಕೆ ಹೆದರಿ ಒಂದು ಜಾಗವನ್ನು ತಪ್ಪಿಸಿದಷ್ಟೂ ಆ ಜಾಗ ದೊಡ್ಡದಾಗುತ್ತದೆ. ನಮ್ಮ ಕಡೆಯ ಒಬ್ಬ ಹುಡುಗಿ ಸ್ಕೂಟರಿನಿಂದ ಬಿದ್ದ ಮೇಲೆ ಗಾಡಿ ಮುಟ್ಟುವುದನ್ನೇ ಬಿಟ್ಟಿದ್ದಳು. ಅವಳು ಮಾಡಿದ್ದು ಹೀಗೆ. ಮೊದಲ ವಾರ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಸುಮ್ನೆ ಕೂರುವುದು. ಆಮೇಲೆ ಗೇಟಿನವರೆಗೆ. ಆಮೇಲೆ ಹಾಲಿನ ಅಂಗಡಿಯವರೆಗೆ. ಪ್ರತಿ ಸಲ ಹತ್ತುವ ಮುಂಚೆ ತನ್ನ ಸಾಲು ಒಮ್ಮೆ. ಬಿದ್ದ ತಿರುವಿಗೆ ಹೋಗಲು ಎರಡು ತಿಂಗಳಾಯಿತು. ಸಭೆಯಲ್ಲಿ ಪಾಠ ಓದಲು ಕಾಲು ನಡುಗುವವರಿಗೂ ಇದೇ ದಾರಿ: ಮೊದಲು ಮನೆಯ ಕುಟುಂಬ ಪ್ರಾರ್ಥನೆಯಲ್ಲಿ ಓದಿ, ಆಮೇಲೆ ನೆರೆಕೂಟದಲ್ಲಿ, ಆಮೇಲೆ ಮೈಕಿನ ಮುಂದೆ.

ಇಷ್ಟೇ ಸಾಲದ ಹೊತ್ತು

ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಕೆಲಸಕ್ಕೆ ಹೋಗಲು ಆಗುತ್ತಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಿ. ಎಲೀಯನ ಹಾಗೆ 'ಸಾಕು, ಪ್ರಾಣ ಹೋಗಲಿ' ಅಂತ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಯಾರನ್ನಾದರೂ ಪಕ್ಕಕ್ಕೆ ಕರೆದುಕೊಂಡು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಸಹಾಯವಾಣಿ. ದುಡ್ಡಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ಉಸಿರುಕಟ್ಟುವುದು ಬಂದರೆ 'ಭಯಕ್ಕೆ ಹೀಗಾಗಿದೆ' ಅಂತ ನೀವೇ ತೀರ್ಮಾನ ಮಾಡಬೇಡಿ, 108ಕ್ಕೆ ಕರೆ ಮಾಡಿ.

ಮಾತ್ರೆ ನುಂಗುವುದು ನಂಬಿಕೆಯ ಕೊರತೆ ಅಲ್ಲ. ಪೌಲನ ಜೊತೆಗಿದ್ದ ಲೂಕ ವೈದ್ಯ. ಪ್ರಿಯ ವೈದ್ಯ ಅಂತಲೇ ಪೌಲ ಅವನನ್ನು ಕರೆಯುತ್ತಾನೆ. 'ಔಷಧಿ ಬಿಸಾಕು, ಪ್ರಾರ್ಥನೆ ಸಾಕು' ಅನ್ನುವವರಿಂದ, 'ಯಾರೋ ಮಾಟ ಮಾಡಿಸಿದ್ದಾರೆ, ಬಿಡಿಸಲು ಇಷ್ಟು ಕಾಣಿಕೆ ಇಡು' ಅನ್ನುವವರಿಂದ ದೂರ ಇರಿ, ಅವರ ಕೈಯಲ್ಲಿ ಬೈಬಲ್ ಇದ್ದರೂ ಸರಿ. 'ಹತ್ತು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತೆ' ಅನ್ನುವ ವಾಟ್ಸಾಪ್ ಮೆಸೇಜುಗಳನ್ನು ಡಿಲೀಟ್ ಮಾಡಿ. ಏನೂ ಆಗುವುದಿಲ್ಲ. ನಾನು ಎಷ್ಟೋ ಮಾಡಿದ್ದೇನೆ.

ತಾರೀಕು ಹಾಕಿಡಿ

ಇದೆಲ್ಲ ಮಾಡಿಯೂ ಕೆಲವು ರಾತ್ರಿ ಏನೂ ಆಗುವುದಿಲ್ಲ. ಭಯ ಹಾಗೇ ಕೂತಿರುತ್ತದೆ. ಅಂಥ ರಾತ್ರಿಗೆ ಅಂತಲೇ 88ನೇ ಕೀರ್ತನೆ ಇದೆ. ಬೇರೆ ಅಳಲಿನ ಕೀರ್ತನೆಗಳ ಹಾಗೆ ಅದು ಕೊನೆಗೆ ಸ್ತುತಿಗೆ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದನ್ನು ಬೈಬಲ್ಲಿನಿಂದ ಯಾರೂ ತೆಗೆದುಹಾಕಲಿಲ್ಲ. ಅದನ್ನು ಜೋರಾಗಿ ಓದಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಆ ದಿನದ ತಾರೀಕು ಬರೆಯಿರಿ. ಯಾವ ವಚನ ಹಿಡಿದುಕೊಂಡರೂ ಹೀಗೆ ಮಾಡಿ. ಮುಂದಿನ ಸಲ ಅದೇ ಪುಟ ತೆರೆದಾಗ, ಹಿಂದೊಮ್ಮೆ ಇಲ್ಲಿಗೆ ಬಂದು ದಾಟಿ ಹೋಗಿದ್ದೆ ಅನ್ನುವುದು ನಿಮ್ಮದೇ ಕೈಬರಹದಲ್ಲಿ ಇರುತ್ತದೆ.

ಇದನ್ನು ನಾನು ಕಲಿತದ್ದು ಅಮ್ಮನಿಂದ. ಅವರ ಆಪರೇಷನ್ ಚೆನ್ನಾಗೇ ಆಯಿತು. ನಾಲ್ಕು ವರ್ಷದ ಮೇಲೆ ಬೇರೆ ಕಾಯಿಲೆಯಲ್ಲಿ ತೀರಿಕೊಂಡರು. ಅವರ ಜಿಪ್ ಕವರಿನ ಬೈಬಲ್ ಈಗ ನನ್ನ ಹತ್ತಿರ ಇದೆ. 23ರ ಪಕ್ಕದಲ್ಲಿ ಏಳೆಂಟು ತಾರೀಕು, ಅದರಲ್ಲೊಂದು ಆಪರೇಷನ್ನಿನ ಹಿಂದಿನ ದಿನದ್ದು. ನಾನು ಹೊರಗೆ ವರಾಂಡದಲ್ಲಿ ನಡುಗುತ್ತಿದ್ದ ರಾತ್ರಿ ಒಳಗೆ ಅವರೂ ಎಚ್ಚರವಾಗಿದ್ದರು ಅಂತ ಕಾಣುತ್ತದೆ. 88ರ ಪಕ್ಕದಲ್ಲಿ ಒಂದೇ ಒಂದು ತಾರೀಕು ಇದೆ, ನಾನು ಮೂರನೇ ಕ್ಲಾಸಿನಲ್ಲಿದ್ದಾಗಿನದು. ಆ ದಿನ ನಮ್ಮ ಮನೆಯಲ್ಲಿ ಏನಾಗಿತ್ತು ಅಂತ ನನಗೆ ಗೊತ್ತಿಲ್ಲ, ಅವರು ಯಾವತ್ತೂ ಹೇಳಿರಲಿಲ್ಲ. ಪೆನ್ಸಿಲ್ ಇನ್ನೂ ಆ ಕವರಿನ ಒಳಗೇ ಇದೆ.